ಗೇಟಿಗೆ ಹಾಸಿದ ತೆಂಗಿನ ಮಟ್ಟೆ

ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ದಾರಿಯಲ್ಲಿ, ಊರು ಮುಗಿಯುವ ಕಡೆ ಒಂದು ಕಲ್ಯಾಣ ಮಂಟಪ ಕಟ್ಟುತ್ತಿದ್ದೆವು. ಸೈಟ್ ಎಂಜಿನಿಯರ್ ನಾನೇ. ಪಾಯದಿಂದ ತೆಗೆದ ಕೆಂಪು ಮಣ್ಣನ್ನು ಟಿಪ್ಪರ್‌ಗಳು ದಿನವಿಡೀ ಹೊರಗೆ ಸಾಗಿಸುತ್ತಿದ್ದವು. ಹೋಗುವ ದಾರಿಯಲ್ಲಿ ಚಕ್ರಕ್ಕೆ ಮೆತ್ತಿದ್ದನ್ನೆಲ್ಲ ಟಾರು ರಸ್ತೆಗೆ ಧಾರಾಳವಾಗಿ ದಾನ ಮಾಡುತ್ತಿದ್ದವು. ಬಿಸಿಲಿದ್ದರೆ ಧೂಳು, ಮಳೆ ಬಂದರೆ ಜಾರುಬಂಡೆ. ಗೇಟಿನ ಒಳಗಿನದು ನನ್ನದು, ಹೊರಗಿನದು ಊರಿನದು ಎಂದುಕೊಂಡು ನಾನು ಹಾಯಾಗಿದ್ದೆ.

ಪಕ್ಕದ ಬೀದಿಯ ಅಜ್ಜಿಯೊಬ್ಬಳು ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ನಮ್ಮ ಗೇಟಿನ ಮುಂದೆಯೇ ಡೇರಿಗೆ ಹೋಗುತ್ತಿದ್ದಳು. ಮನೆಯಲ್ಲಿ ಒಂದೇ ಹಸು, ಅವಳೊಬ್ಬಳೇ. ಗೇಟು ಹತ್ತಿರ ಬಂತೆಂದರೆ ಚಪ್ಪಲಿ ಬಿಚ್ಚಿ ಎಡಗೈಗೆ ತೆಗೆದುಕೊಳ್ಳುವಳು. ಬರಿಗಾಲಲ್ಲಿ, ಹೆಬ್ಬೆರಳು ಊರಿ ಊರಿ ಕೆಸರು ದಾಟುವಳು. ಹೊಸ ಚಪ್ಪಲಿ ಇರಬೇಕು, ಅದಕ್ಕೇ ಇಷ್ಟು ಜೋಪಾನ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ದಿನ ಸೋನೆಮಳೆಯಲ್ಲಿ ಅವಳು ಜಾರಿ ಬಿದ್ದಳು. ಹಾಲೆಲ್ಲ ಕೆಂಪು ಕೆಸರಿನಲ್ಲಿ ಹರಿದುಹೋಯಿತು. ನಾನು ಓಡಿಹೋಗಿ ಎಬ್ಬಿಸಿದೆ. ಮೊಣಕಾಲು ತರಚಿತ್ತು.

"ಪೆಟ್ಟಾಯ್ತಾ ಅಜ್ಜಿ?"

"ಇವತ್ತು ಮಂಡಿ ತರಚ್ತು, ಬುಡು. ನಾಳೆ ಸೊಂಟ ಮುರುದ್ರೆ ನನ್ನ ಹಸೀಗೆ ಹುಲ್ಲು ಯಾರು ಹಾಕ್ತಾರೆ? ನೀನು ಬಂದು ಹಾಕ್ತೀಯೇನವ್ವ?"

ಉರುಳಿದ ಕ್ಯಾನನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಚಪ್ಪಲಿ ಬಿಚ್ಚುತ್ತಿದ್ದುದು ಜಾರದಿರಲಿ ಎಂದೇ ಎಂಬುದು ಆಗ ತಿಳಿದು, ಅಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಏನಾದರೂ ಮಾಡಲೇಬೇಕಿತ್ತು. ಬೇರೆ ಊರಿನ ಎಂಜಿನಿಯರ್ ಆಗಿದ್ದರೆ ಸುಮ್ಮನೆ ಜಲ್ಲಿ ಸುರಿಸುತ್ತಿದ್ದ. ನಾನು ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದವಳು, ತಲೆ ಬೇರೆ ಥರ ಓಡಿತು. ಕಾಯಿ ಸುಲಿದ ಮಟ್ಟೆ ನಮ್ಮ ಮನೆಯ ಹಿಂದೆ ಗುಡ್ಡೆ ಬಿದ್ದಿತ್ತು. ಒಂದು ಟ್ರ್ಯಾಕ್ಟರ್ ತುಂಬ ತರಿಸಿ, ಅಪ್ಪ ಮರದ ಬುಡದ ಗುಂಡಿಯಲ್ಲಿ ಜೋಡಿಸುವಂತೆಯೇ, ಟೊಳ್ಳು ಹೊಟ್ಟೆ ಮೇಲೆ ಮಾಡಿ ಗೇಟಿನುದ್ದಕ್ಕೂ ಸಾಲಾಗಿ ಹಾಸಿಸಿದೆ. ಎಷ್ಟು ಚೆನ್ನಾಗಿ ಕಂಡಿತೆಂದರೆ ಫೋಟೋ ತೆಗೆದು ಅಪ್ಪನಿಗೂ ಕಳಿಸಿದೆ.

ಎರಡು ದಿನ ಎಲ್ಲ ಸರಿಯಾಗಿತ್ತು. ಮೂರನೆಯ ದಿನ ಮಳೆ ಹೊಡೆಯಿತು. ಒಂದೊಂದು ಮಟ್ಟೆಯೂ ಬಟ್ಟಲಿನಂತೆ ನೀರು ತುಂಬಿಕೊಂಡು ಕೂತಿತು. ಟಿಪ್ಪರ್ ಹತ್ತಿದರೆ ಪಿಚಕ್ಕನೆ ಕೆಸರು ಹಾರುತ್ತಿತ್ತು. ಜೋಡಿ ಚಕ್ರಗಳ ಸಂದಿಗೆ ಸಿಕ್ಕಿಕೊಂಡ ಮಟ್ಟೆಗಳು ಸವಾರಿ ಹೊರಟು ರಸ್ತೆಯುದ್ದಕ್ಕೂ ಅಲ್ಲಲ್ಲಿ ಇಳಿದುಕೊಂಡವು. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು, "ಮೇಡಂ, ಮಟ್ಟೆ ಸಿಕ್ತು, ಕಾಯಿ ಯಾವಾಗ ಕೊಡ್ತೀರಾ?" ಎಂದು ಕೂಗಿಕೊಂಡು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಅಜ್ಜಿ ಬಂದಳು. ಚಪ್ಪಲಿ ಮತ್ತೆ ಕೈಯಲ್ಲೇ ಇತ್ತು. ನಿಂತು ಒಮ್ಮೆ ಮಟ್ಟೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ನಿಮ್ಮನೆ ತೋಟದ ಮಟ್ಟೆಯಂತೆ. ನಿಮ್ಮಪ್ಪ ಅಲ್ಲಿ ಅದನ್ನ ಯಾಕೆ ಹೂಳ್ತಾನವ್ವ?"

"ನೀರು ಹಿಡ್ಕೊಳ್ಳಲಿ ಅಂತ ಅಜ್ಜಿ."

"ಮತ್ತೆ ಇಲ್ಲಿ ಏನು ಬೆಳೆಯಕ್ಕೆ ಹೊಂಟಿದ್ದೀಯ?"

ಅಲ್ಲೇ ಇದ್ದ ಡ್ರೈವರ್ ಕಿಸಕ್ಕನೆ ನಕ್ಕ. ನಾನೂ ನಕ್ಕುಬಿಟ್ಟೆ, ಬೇರೆ ದಾರಿಯಿರಲಿಲ್ಲ.

"ನೀರು ಹಿಡಿಯೋದನ್ನ ದಾರೀಲಿ ಹಾಕ್ಬಾರ್ದು ಕಣವ್ವ. ನೀರು ಹೊರಗೋಗೋ ಕಡೆ ಒಟ್ಟು. ಮಣ್ಣು ಅಲ್ಲೇ ನಿಂತ್ಕೊಳ್ತದೆ," ಎಂದು ಹೇಳಿ ಹೊರಟಳು.

ಅವತ್ತೇ ಮಟ್ಟೆಯನ್ನೆಲ್ಲ ಎತ್ತಿಸಿದೆ. ಗೇಟಿನ ಒಳಗೆ ಒಂದು ಲಾರಿಯ ಉದ್ದಕ್ಕಿಂತ ಹೆಚ್ಚಾಗಿಯೇ, ಮೊಣಕಾಲು ಮುಳುಗುವಷ್ಟು ಮಣ್ಣು ತೆಗೆಸಿ ದಪ್ಪ ಜಲ್ಲಿ ತುಂಬಿಸಿದೆ. ಅದರ ಮೇಲೆ ಉರುಳುವಾಗ ಚಕ್ರದ ಮಣ್ಣು ಅರ್ಧಕ್ಕರ್ಧ ಉದುರುತ್ತಿತ್ತು. ಉಳಿದದ್ದನ್ನು ಸಲಿಕೆಯಿಂದ ಕೆರೆಯದೆ ಯಾವ ಗಾಡಿಯೂ ಹೊರಗೆ ಹೋಗಕೂಡದು ಎಂದು ಡ್ರೈವರ್‌ಗಳಿಗೆ ಹೇಳಿದೆ. ಅವರು ಗೊಣಗಿದರು. ಅವರಿಗಿಂತ ಜೋರಾಗಿ ನಾನು ಗೊಣಗಿದೆ. ಮಟ್ಟೆಗಳನ್ನು ಅಜ್ಜಿ ಹೇಳಿದಂತೆ ಮೋರಿಯ ಬಾಯಿಗೆ ಅಡ್ಡಲಾಗಿ ಒಟ್ಟಿಸಿದೆ. ಕೆಂಪು ನೀರು ಅಲ್ಲಿ ತಡೆದು, ಮಣ್ಣು ಬಿಟ್ಟು, ತಿಳಿಯಾಗಿ ಆಚೆ ಹೋಗುತ್ತಿತ್ತು. ಸಂಜೆ ರಸ್ತೆಗೆ ಪೊರಕೆ ಹಾಕಿಸುವುದನ್ನೂ ತಪ್ಪಿಸಲಿಲ್ಲ.

ಆಮೇಲೆ ಒಂದು ದಿನ ಬೆಳಗಿನ ಜಾವದಿಂದಲೇ ಮಳೆ. ನಾನು ಬೇಗ ಬಂದು ಕೊಡೆ ಹಿಡಿದು ಗೇಟಿನಲ್ಲಿ ನಿಂತಿದ್ದೆ. ದೂರದಲ್ಲಿ ಅಜ್ಜಿ ಕಾಣಿಸಿದಳು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಫೋನು. "ಹಸೀನ ಕರ ಚೆನ್ನಾಗೈತೆ ಕಣೇ, ನೀನು ಬಂದು ನೋಡು ಅಂತೀನಿ," ಎಂದು ಮಗಳ ಹತ್ತಿರವೋ ಯಾರ ಹತ್ತಿರವೋ ಜೋರಾಗಿ ಮಾತಾಡುತ್ತಿದ್ದಳು. ಗೇಟು ಬಂತು. ಅವಳು ಮಾತು ನಿಲ್ಲಿಸಲಿಲ್ಲ, ನಡಿಗೆಯನ್ನೂ ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಮಾತಾದರೂ ಆಡಬಾರದೇ ಎಂದು ನನಗೆ ಬೇಜಾರಾಯಿತು. ಆಮೇಲೆ ಅವಳು ಹೋದ ದಾರಿಯನ್ನೇ ನೋಡಿದೆ. ಎರಡೂ ಚಪ್ಪಲಿ ಕಾಲಲ್ಲೇ ಇದ್ದವು.