ಕಾರ್ಬೈನ್‌ಗೆ ಸೈಟ್ ಹುಡುಕಿದ ಕನ್ನಡಕದ ಶಾಹುಲ್

ಕೊಲ್ಲಿ ದೇಶದ ಎಗೈಲಾದ ಮಾಲ್ ಒಂದರ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸಿ ನಂಬರ್ ಹೇಳುವುದು ಶಾಹುಲ್ ಹಮೀದ್‌ನ ಕೆಲಸ. ಬಂಟ್ವಾಳದ ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿನಲ್ಲಿ ಒಮ್ಮೆ ರೈಫಲ್ ಹಿಡಿದದ್ದೂ ಉಂಟು. ಅವತ್ತು ಹಾರಿಸಿದ ಗುಂಡು ಎಲ್ಲಿಗೆ ಹೋಯಿತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಇಷ್ಟು ಅನುಭವ ಸಾಕೆಂದು ಅವನಿಗೆ ಅನ್ನಿಸಿದ್ದು ಕಫೀಲ್ ಅಬೂ ಮಿಶಾರಿ ದೂರು ಹೇಳಿಕೊಂಡ ದಿನ. ವೀಸಾ ಕೊಟ್ಟು ಕರೆಸಿಕೊಂಡವರೂ ಅಂಗಡಿಯ ಮಾಲೀಕರೂ ಅವರೇ. ಅಪ್ಪನಿಂದ ಬಂದ, ಪರವಾನಗಿಯಿರುವ ಹಳೆಯ ಮಿಲಿಟರಿ ಕಾರ್ಬೈನ್ ಬಂದೂಕು ಒಂದು ಅವರಲ್ಲಿತ್ತು. ಶುಕ್ರವಾರಗಳಂದು ಶೂಟಿಂಗ್ ಕ್ಲಬ್ಬಿಗೆ ಒಯ್ಯುತ್ತಿದ್ದರು.

"ನಳಿಕೆಯ ತುದಿಯಲ್ಲಿ ಗುರಿ ನೋಡುವ ಸೈಟ್ ಮಸುಕಾಗಿ ಕಾಣ್ತದೆ, ದಕ್ತೂರ್. ಸವೆದಿರಬೇಕು. ಹೀಗೇ ತಪ್ಪುತ್ತಾ ಹೋದರೆ ಗೋಡೆಗೆ ನೇತುಹಾಕಿಬಿಡ್ತೇನೆ, ಖಲಾಸ್."

ಶಾಹುಲ್ ಡಾಕ್ಟರನಲ್ಲ. ಆದರೆ ಹಾಗೆ ಕರೆದಾಗ ಬೇಡವೆಂದವನೂ ಅಲ್ಲ.

"ಬಾಬಾ, ಅದನ್ನು ನನಗೆ ಬಿಡಿ" ಎಂದ.

ಅಂದಿನಿಂದ ಮನೆಯಲ್ಲಿ ಊಟದ ಹೊತ್ತಿಗೂ ಫೋನಿನಲ್ಲಿ ಬಂದೂಕಿನ ವಿಡಿಯೊ.

"ನಮ್ಮ ಮಿಕ್ಸಿಯ ಬ್ಲೇಡ್ ತಿರುಗದೆ ಎಷ್ಟು ಕಾಲವಾಯಿತು ಮಾರಾಯ್ರೇ? ನೀವು ಯಾರದೋ ಬಂದೂಕು ರಿಪೇರಿಗೆ ಹೊರಟಿದ್ದೀರಿ" ಎಂದಳು ಹೆಂಡತಿ ಫಾತಿಮತ್ ಶಹನಾ.

"ಇದು ಸೂಕ್ಷ್ಮ ಕೆಲಸ."

"ಹೌದೌದು. ಮಿಕ್ಸಿ ಮಾತ್ರ ಒರಟು."

ಶುವೈಖ್‌ನಲ್ಲಿ ಲೈಸೆನ್ಸ್ ಇದ್ದ ಬಂದೂಕು ರಿಪೇರಿಯವನ ಬಳಿ ಕಫೀಲರನ್ನು ಕರೆದೊಯ್ದು ಶಾಹುಲ್ ಮೊದಲು ದಪ್ಪನೆಯ ಸೈಟ್ ಆರಿಸಿದ. ಹಳೆಯದನ್ನು ಕಳಚಿ ಅದನ್ನು ಕೂರಿಸಿದ್ದಾಯಿತು. ಅಬೂ ಮಿಶಾರಿ ಗುರಿ ಹಿಡಿದು ನೋಡಿದರು.

"ಮೊದಲು ತೆಳ್ಳಗೆ ಮಸುಕಿತ್ತು. ಈಗ ದಪ್ಪಗೆ ಮಸುಕು."

ತುದಿಗೆ ಬಿಳಿ ಚುಕ್ಕೆಯಿದ್ದ ಇನ್ನೊಂದನ್ನು ಹಾಕಿಸಿದ. "ಈಗ ಬೆಳ್ಳಗೆ ಮಸುಕು" ಎಂದರು.

ಕೊನೆಗೆ ಶಾಹುಲ್, ಕಣ್ಣಿನ ಹತ್ತಿರದ ಹಿಂಬದಿ ಸೈಟನ್ನೇ ತೆಗೆಸಿ, ಸಣ್ಣ ತೂತಿನ ಮೂಲಕ ನೋಡುವ ಇನ್ನೊಂದನ್ನು ಹಾಕಿಸಿದ. ಅಬೂ ಮಿಶಾರಿ ಬಾಗಿಲ ಕಡೆಯ ಬಿಸಿಲಿಗೆ ಮುಖಮಾಡಿ ಇಣುಕಿದರು. "ಮಾಶಾ ಅಲ್ಲಾಹ್! ಸ್ಪಷ್ಟ!"

ಶಾಹುಲ್ ಎದೆಯುಬ್ಬಿಸಿ ಮನೆಗೆ ಹೋದ. ಅಂಗಡಿಯಲ್ಲಿ ಅವನ ಕೈಯಲ್ಲೇ ತೂತಿನ ಕಪ್ಪು ರಟ್ಟು ಒಂದಿರುತ್ತದೆ. ಅದರ ಮೂಲಕ ನೋಡಿದಾಗ ಮಸುಕಾದ ಅಕ್ಷರ ಸ್ಪಷ್ಟವಾದರೆ ಗಿರಾಕಿಗೆ ಕನ್ನಡಕ ಬೇಕೆಂದು ಅರ್ಥ. ದಿನಕ್ಕೆ ಎಷ್ಟೋ ಸಲ ಮಾಡುವ ಆ ಪರೀಕ್ಷೆಯನ್ನು ಬಂದೂಕಿನ ಮೇಲೆ ಮಾಡಿ ಮುಗಿಸಿದ್ದೇನೆಂದು ಅವನಿಗೆ ಹೊಳೆಯಲೇ ಇಲ್ಲ.

ಶುಕ್ರವಾರ ಕ್ಲಬ್ಬಿನ ಒಳಾಂಗಣದಲ್ಲಿ ಬೆಳಕು ಮಂದವಾಗಿತ್ತು. ತೂತಿನೊಳಗೆ ಬರೀ ಕತ್ತಲೆ. ಒಂದು ಗುಂಡೂ ಗುರಿಯ ಹಾಳೆಗೆ ತಾಗಲಿಲ್ಲ.

"ಖಲಾಸ್, ದಕ್ತೂರ್. ಗೋಡೆಗೆ ಮೊಳೆ ಹೊಡೆಸ್ತೇನೆ" ಎಂದ ಅಬೂ ಮಿಶಾರಿ, ಗುರಿಯ ಹಾಳೆಯನ್ನು ಕೈಗೆತ್ತಿಕೊಂಡು ಅದರಲ್ಲಿ ಎಲ್ಲಾದರೂ ಒಂದು ತೂತು ಇದ್ದೀತೇ ಎಂದು ಹುಡುಕತೊಡಗಿದರು. ಹಾಳೆ ಮೆಲ್ಲಗೆ ಅವರ ಮುಖದಿಂದ ದೂರ ಸರಿಯಿತು. ಇನ್ನೂ ದೂರ. ಕೈ ಪೂರ್ತಿ ಚಾಚಿ, ಕತ್ತು ಹಿಂದಕ್ಕೆಳೆದು ಹುಬ್ಬು ಗಂಟಿಕ್ಕಿದರು.

ಅಂಗಡಿಯ ಬಾಗಿಲು ದಾಟಿ ಬರುವ ಪ್ರತಿ ಎರಡನೇ ಗಿರಾಕಿ ಮಾಡುವುದೂ ಅದನ್ನೇ. ಎಸಿಯ ತಂಪಿನಲ್ಲೂ ಶಾಹುಲ್‌ಗೆ ಕಿವಿ ಬಿಸಿಯಾಯಿತು.

"ಬಾಬಾ, ಕಣ್ಣು ಯಾವಾಗ ನೋಡಿಸಿದ್ದು?"

"ಕನ್ನಡಕದ ಅಂಗಡಿ ನನ್ನದು. ನೀನು ಒಂದು ದಿನವೂ ಕೇಳಲಿಲ್ಲವಲ್ಲ?"

ಮುಂದಿನ ವಾರ ಅಪ್ಪನ ಕಾಲದ ಸೈಟ್‌ಗಳು ಕಾರ್ಬೈನ್‌ಗೆ ಮರಳಿದವು. ನಳಿಕೆಯ ತುದಿ ಎಷ್ಟು ದೂರವೋ ಅಷ್ಟಕ್ಕೆ ಸರಿಹೊಂದುವ ಗಾಜು ಹಾಕಿದ ಕನ್ನಡಕ ಅಬೂ ಮಿಶಾರಿಯ ಮೂಗಿನ ಮೇಲಿತ್ತು. ಮೊದಲ ಗುಂಡು ಹಾಳೆಯ ಅಂಚಿಗೆ ತಾಗಿತು, ಎರಡನೆಯದು ಕಪ್ಪು ವೃತ್ತದೊಳಗೆ. ಗೋಡೆಯ ಮೊಳೆಗೆ ಕ್ಯಾಲೆಂಡರ್ ಸಾಕೆಂದು ತೀರ್ಮಾನವಾಯಿತು.

ಬಂದೂಕು ಸರಿಮಾಡಿದ್ದು ಯಾರೆಂದು ಗೆಳೆಯರು ಕೇಳಿದರು. ಅಬೂ ಮಿಶಾರಿ ಶಾಹುಲ್‌ನ ಹೆಗಲ ಮೇಲೆ ಕೈಯಿಟ್ಟರು.

"ಇವನೇ, ನನ್ನ ದಕ್ತೂರ್. ಮೂರು ಸಲ ಬಂದೂಕಿಗೆ ಚಿಕಿತ್ಸೆ ಕೊಟ್ಟ. ನಾಲ್ಕನೆಯ ಸಲಕ್ಕೆ ರೋಗಿ ಸಿಕ್ಕಿದ."