ಧೋತರ ಹರಿದು ಕೇಳುತ್ತಿದ್ದ ನೀಲವ್ವ

ನನ್ನ ಹೆಂಡತಿಯ ತಾಯಿ ನೀಲವ್ವ ಬಟ್ಟೆಯನ್ನು ಕಣ್ಣಿನಿಂದ ಪರೀಕ್ಷಿಸುತ್ತಿರಲಿಲ್ಲ. ಅಂಚು ಹರಿದು ಸಪ್ಪಳ ಕೇಳುತ್ತಿದ್ದರು. ಗಂಡ ತೀರಿದ ಮೇಲೆ ಆಳಂದದ ಬಟ್ಟೆ ಅಂಗಡಿ ನಡೆಸಿದವರು ಅವರೇ. "ಗಂಜಿ ಬಾಳ ಇದ್ದ ಅರಿವಿ ಹಪ್ಪಳ ಮುರದಂಗ ಸಪ್ಪಳ ಮಾಡ್ತದ," ಎನ್ನುತ್ತಿದ್ದರು. ಅಂಥದನ್ನು ಕೊಳ್ಳಲು ಬಂದ ಗಿರಾಕಿಯನ್ನು ತಾವೇ ಬೈದು ಕಳಿಸುತ್ತಿದ್ದರು.

ನನ್ನ ಅಂಗಡಿ ಅಫಜಲಪುರದಲ್ಲಿ. ಮಾಲು ತರಲು ಸೊಲ್ಲಾಪುರಕ್ಕೆ ಓಡಾಡುತ್ತ ಷೇರಿನ ಹುಚ್ಚು ಹಿಡಿಯಿತು. ಸಾವಿರದ ಒಂಬೈನೂರ ನಲವತ್ತೇಳರ ಕೊನೆಗೆ ಅಲ್ಲಿನ ಬಟ್ಟೆ ಮಿಲ್ಲುಗಳ ಷೇರು ಕುಸಿಯುತ್ತಿದ್ದವು. ಕೈಯಲ್ಲಿಲ್ಲದ ಷೇರನ್ನು ಇಂದಿನ ಭಾವಕ್ಕೆ ಮಾರಿ, ಇಳಿದ ಮೇಲೆ ಕೊಂಡು ಒಪ್ಪಿಸಿದರೆ ಲಾಭ. ಏರಿದರೆ ಅಂಗಡಿಗೆ ಬೀಗ. ಯಾವುದನ್ನು ಮಾರಬೇಕೆಂದು ತಿಳಿಯದೆ ಮೂರು ಮಿಲ್ಲುಗಳ ಧೋತರ ತಂದು ಅತ್ತೆಯ ಮುಂದಿಟ್ಟೆ.

ಮೂರನ್ನೂ ಹರಿದರು. ಕೊನೆಯದು ಹಪ್ಪಳದಂತೆ ಸಪ್ಪಳ ಮಾಡಿತು, ಗಂಜಿಯ ಬಿಳಿ ಪುಡಿ ಹಾರಿತು.

"ಈ ಮಿಲ್ಲಿನ ಷೇರಿನ ಭಾವ ಎಷ್ಟ ಇಳದದ್ರಿ?"

"ಇದೊಂದ ಇಳದಿಲ್ಲ ಅತ್ತಿ. ಹೆಸರು ದೊಡ್ಡದು."

"ಇಂಥ ಅರಿವಿ ನೇಯ್ದ್ರ ಹೆಸರು ಎಷ್ಟ ದಿನ ನಿಲ್ತದ? ಇದನ್ನೇ ಮಾರ್ರಿ."

ಮಾರಿದೆ. ಮರುವಾರವೇ ಅದು ಏರತೊಡಗಿತು. ಸೊಲ್ಲಾಪುರದ ಷೇರು ದಲಾಲ ಇನ್ನಷ್ಟು ಹಣ ಕಟ್ಟು ಎಂದ. ಆಳಂದಕ್ಕೆ ಓಡಿದೆ.

"ಅತ್ತಿ, ಅಂಗಡಿ ಹೋತು!"

ಅವರು ಟ್ರಂಕು ತೆಗೆದು ತಮ್ಮ ಚಿನ್ನದ ಪಾಟ್ಲಿ ಬಳೆ ನನ್ನ ಕೈಯಲ್ಲಿಟ್ಟರು. "ಮಾರ್ರಿ ಅಂದಾಕಿ ನಾನು. ಹೋದ್ರ ಇಬ್ಬರದೂ ಹೋಗ್ಲಿ. ಗಾಬ್ರಿ ಆಗಬ್ಯಾಡ್ರಿ."

ತಿಂಗಳೊಳಗೆ ಆ ಮಿಲ್ಲು ಈ ವರ್ಷ ಲಾಭಾಂಶವಿಲ್ಲ ಎಂದು ಸಾರಿತು. ಷೇರು ದೊಪ್ಪನೆ ಬಿತ್ತು. ಕೊಂಡು ಒಪ್ಪಿಸಿ, ಅಡವಿಟ್ಟ ಪಾಟ್ಲಿ ಬಿಡಿಸಿಕೊಂಡು ಆಳಂದದ ಬಸ್ಸು ಹತ್ತಿದೆ. ಎಷ್ಟೋ ದಿನಗಳ ನಿದ್ದೆ ಒಮ್ಮೆಲೇ ಬಂತು. ಕಣ್ಣು ಬಿಟ್ಟಾಗ ಆಳಂದ ದಾಟಿ ನರೋಣಾಕ್ಕೆ ಬಂದಿದ್ದೆ! ಒಬ್ಬನೇ ನಗುತ್ತ ಎತ್ತಿನ ಗಾಡಿ ಹಿಡಿದು ಹಿಂದಿರುಗಿದೆ.

ಅತ್ತೆ ಪಾಟ್ಲಿಯನ್ನು ಟ್ರಂಕಿಗೆ ಹಾಕಿದರು. ಲಾಭವೆಷ್ಟೆಂದು ಕೇಳಲಿಲ್ಲ.

"ಆ ಮಿಲ್ಲಿನ್ಯಾಗ ನೇಯೋ ಮಂದಿ ಕೆಲಸ ಉಳದದೇನ್ರಿ?"

ನನಗೆ ಅದು ಹೊಳೆದೇ ಇರಲಿಲ್ಲ. "ಗೊತ್ತಿಲ್ಲ," ಎಂದೆ.

"ಮತ್ತ ಹೋದಾಗ ನೋಡಿ ಬರ್ರಿ."

ಮುಂದಿನ ಸಲ ಸೊಲ್ಲಾಪುರಕ್ಕೆ ಹೋದಾಗ ಆ ಮಿಲ್ಲಿನ ಗೇಟಿನೆದುರು ನಿಂತೆ. ಪಾಳಿ ಶುರುವಾಗುವ ಭೋಂಗಾ ಕೂಗಿತು, ಬುತ್ತಿ ಹಿಡಿದ ನೂರಾರು ಜನ ಒಳಗೆ ಹೋದರು. ನನ್ನೆದೆ ಹಗುರಾಯಿತು.

ಹಿಂದಿರುಗುವಷ್ಟರಲ್ಲಿ ಅತ್ತೆ ಜ್ವರ ಬಂದು ಜೇವರ್ಗಿಯ ಹಿರಿಮಗಳ ಮನೆಯಲ್ಲಿದ್ದರು. ಹಾಸಿಗೆಯ ಬಳಿ ಕೂತು ಹೇಳಿದೆ: "ಮಿಲ್ಲು ನಡೆದದ ಅತ್ತಿ. ಮಂದಿ ಕೆಲಸಕ್ಕ ಹೋಗಾಕತ್ತಾರ."

"ಖರೇನ?"

"ನಾನೇ ಕಣ್ಣಾರೆ ನೋಡೇನಿ."

"ಹಂಗಾದ್ರ ಚೊಲೋ ಆತು," ಎಂದು ಮಗ್ಗುಲಾದರು. ನಾನು ಅವರನ್ನು ಕಂಡದ್ದು ಅದೇ ಕೊನೆ.