ಪೌಡರ್ ಡಬ್ಬಿಯ ಮೆಕ್ಯಾನಿಕ್

ನ್ಯಾಮತಿಯ ಮೆಕ್ಯಾನಿಕ್ ಒಬ್ಬರ ಶೆಡ್ಡಿನಲ್ಲಿ ಸ್ಪ್ಯಾನರುಗಳ ಪಕ್ಕ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ಇರುತ್ತಿತ್ತು. ಅದು ಅವರ ಮುಖಕ್ಕೆ ತಾಗಿದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ.

ನನ್ನ ಹೈಬ್ರಿಡ್ ಕಾರಿನ ಗೇರ್‌ಬಾಕ್ಸಿನಿಂದ ಎಣ್ಣೆ ಸೋರುತ್ತಿತ್ತು. ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕು, ಲಕ್ಷಗಟ್ಟಲೆ ಆಗುತ್ತದೆ ಎಂದಿದ್ದರು ಶೋರೂಮಿನವರು. ಗಾಬರಿಯಲ್ಲೇ ಇವರ ಬಳಿ ಬಂದು, ಎಲ್ಲಿಂದ ಸೋರುತ್ತಿದೆ ಎಂದು ಕೇಳಿದೆ.

"ತಡೀರಿ, ಅದೇ ಹೇಳ್ತೈತೆ."

ಯಾವ ಗಾಡಿ ಬಂದರೂ ಅವರದು ಇದೇ ಮಾತು. ಕಾರಿನಡಿ ನುಸುಳಿ, ಜಿಡ್ಡನ್ನೆಲ್ಲ ಒರೆಸಿ, ಆಗಷ್ಟೇ ಮೀಯಿಸಿದ ಕೂಸಿಗೆ ಹಚ್ಚುವಂತೆ ಗೇರ್‌ಬಾಕ್ಸಿಗೆ ಪೌಡರ್ ಹಚ್ಚಿದರು. "ಹೊನ್ನಾಳಿಗೆ ಹೋಗಿ ಬರ್ರಿ" ಎಂದರು.

ಹೋಗಿ ಬಂದಾಗ ಬಿಳಿ ಪೌಡರಿನ ಮೇಲೆ ಒಂದೇ ಕಡೆ, ಚಕ್ರದ ಶಾಫ್ಟ್ ಸೇರುವಲ್ಲಿ, ಒದ್ದೆ ಗೆರೆ ಇಳಿದಿತ್ತು.

"ಎಣ್ಣೆ ತಡೆಯೋ ರಬ್ಬರ್ ಸೀಲ್ ಹೋಗೈತೆ, ಅಷ್ಟೇ" ಎಂದವರು, ಬ್ಯಾಟರಿಯ ಹೈವೋಲ್ಟೇಜಿನ ಕಿತ್ತಳೆ ಬಣ್ಣದ ವೈರುಗಳತ್ತ ಬೆರಳು ತೋರಿದರು. "ಇವನ್ನ ಮುಟ್ಟಾಕೆ ನಂಗೆ ಬರಲ್ಲ. ಸೀಲ್ ಹಾಕಾಕೆ ಬರ್ತೈತೆ." ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು.

ಎರಡು ದಿನದಲ್ಲಿ ಶಿವಮೊಗ್ಗದಿಂದ ಸೀಲ್ ತರಿಸಿ ಕೂರಿಸಿದರು. ಮತ್ತೆ ಪೌಡರ್, ಮತ್ತೆ ಹೊನ್ನಾಳಿ. ಮರಳಿದ ಮೇಲೆ ಅವರು ಕಾರಿನಡಿ ಬಹಳ ಹೊತ್ತು ಮಲಗಿದ್ದರು.

ಕೊನೆಗೆ ಮೀಸೆಗೆಲ್ಲ ಪೌಡರ್ ಮೆತ್ತಿಕೊಂಡು ಹೊರಬಂದರು.

"ಈಗ ಏನೂ ಹೇಳ್ತಿಲ್ಲ ರೀ."